ಯಾವ ಐದನೇ ಕ್ರಾಸು?

ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನ. ಚಾಮರಾಜಪೇಟೆಯ ಒಂದು ಪುಟ್ಟ ಪ್ರೆಸ್ಸಿನಿಂದ ಹುಡುಗನೊಬ್ಬ ಕರಡಚ್ಚಿನ ಕಟ್ಟು ಹಿಡಿದುಕೊಂಡು ಹೊರಟ. ಕಟ್ಟಿನ ಮೇಲೆ ಮಾಲೀಕರು ಬಾಲ್‌ಪೆನ್ನಿನಲ್ಲಿ ಗೀಚಿದ್ದು ಇಷ್ಟೇ: "ಮೇಷ್ಟ್ರು, 5ನೇ ಕ್ರಾಸ್". ಹುಡುಗ ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತು. ಚಾಮರಾಜಪೇಟೆಯಲ್ಲಿ ನಿಂತವನಿಗೆ 5ನೇ ಕ್ರಾಸ್ ಅಂದರೆ ಚಾಮರಾಜಪೇಟೆಯ 5ನೇ ಕ್ರಾಸೇ. ಮುಕ್ಕಾಲು ಗಂಟೆ ಮನೆ ಮನೆ ಬಾಗಿಲು ತಟ್ಟಿ "ಮೇಷ್ಟ್ರು ಇದಾರಾ?" ಅಂತ ಕೇಳಿದ್ದಾನೆ. ಕೊನೆಗೆ ಒಬ್ಬ ಮೇಷ್ಟ್ರು ಸಿಕ್ಕಿಯೂ ಬಿಟ್ಟರಂತೆ. ಗಣಿತದ ಮೇಷ್ಟ್ರು :-) ಅವರು ಕಟ್ಟು ಬಿಚ್ಚಿ ನೋಡಿ, ಇದು ನನ್ನದಲ್ಲಪ್ಪ ಅಂತ ವಾಪಸ್ ಕಳಿಸಿದರು. ನಮ್ಮ ಮೇಷ್ಟ್ರು ಮಾತ್ರ ಮಲ್ಲೇಶ್ವರದ 5ನೇ ಕ್ರಾಸಿನಲ್ಲಿ, ತಮ್ಮ ಮನೆಯ ಜಗಲಿಯ ಮೇಲೆ, ಕನ್ನಡಕ ಒರೆಸಿಕೊಂಡು ಕಾಯುತ್ತಾ ಕೂತಿದ್ದರು.

ಈ ಕಥೆ ಕೇಳಿ ನಾನು ಪ್ರೆಸ್ಸಿನಲ್ಲಿ ಕೂತು ಚೆನ್ನಾಗಿಯೇ ನಕ್ಕಿದ್ದೆ. ಆ ಹುಡುಗ ಹಿಡಿದಿದ್ದ ಕಟ್ಟಿನೊಳಗೆ ಅಂಥದ್ದೇ ತಪ್ಪು, ನನ್ನ ಕೈಯಿಂದಲೇ ಆದದ್ದು, ಅಚ್ಚಾಗಿ ಕೂತಿದೆ ಅಂತ ಗೊತ್ತಾಗಲು ಇನ್ನೂ ನಾಲ್ಕು ದಿನ ಬೇಕಾಯಿತು.

ಇವತ್ತಿನ ಕೊರೆತ ಅದರ ಬಗ್ಗೆ. ವಿಷಯ ಸ್ವಲ್ಪ ಟೆಕ್ನಿಕಲ್. ಒಂದು ಆಪರೇಟಿಂಗ್ ಸಿಸ್ಟಮ್‌ಗೆ ಬರೆದ ತಂತ್ರಾಂಶವನ್ನು ಇನ್ನೊಂದಕ್ಕೆ ಒಯ್ಯುವಾಗ ಮ್ಯಾಕ್ರೋಗಳ ಹೆಸರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವಲ್ಲ, ಆ ವಿಷಯ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಗೆಳೆಯರು ದಯವಿಟ್ಟು ಓಡಿಹೋಗಬೇಡಿ. ಬೆಂಗಳೂರಿನಲ್ಲಿ ಒಮ್ಮೆಯಾದರೂ ವಿಳಾಸ ಹುಡುಕಿದವರಿಗೆ ಇದು ಖಂಡಿತ ಅರ್ಥವಾಗುತ್ತದೆ. ಕೋಡಿನ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೋಡ್ ಬರೆಯುವವರು ಮನಸ್ಸಿನಲ್ಲೇ ಇಂಗ್ಲಿಷ್ ಮಾಡಿಕೊಳ್ಳಿ.

ಮೇಷ್ಟ್ರು ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಈಗ ಎಪ್ಪತ್ತೆಂಟು ವರ್ಷ. ನಿವೃತ್ತಿಯಾದ ಮೇಲೆ ಹನ್ನೆರಡು ವರ್ಷ ಕೂತು ತಮ್ಮ ಊರಿನ ಸ್ಥಳನಾಮಗಳ ಬಗ್ಗೆ ನಾನೂರು ಚಿಲ್ಲರೆ ಪುಟದ ಪುಸ್ತಕ ಬರೆದರು. ಪುಸ್ತಕದ ಕೊನೆಗೆ ಪದಸೂಚಿ ಇರಲೇಬೇಕು ಅಂತ ಅವರ ಹಟ. ಯಾವ ಪದ ಯಾವ ಯಾವ ಪುಟದಲ್ಲಿ ಬಂದಿದೆ ಅಂತ ಚೀಟಿಗಳ ಮೇಲೆ ಬರೆದು, ಚೀಟಿಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ ಪ್ರೆಸ್ಸಿಗೆ ಕೊಟ್ಟರು. ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹುಡುಗಿ ಅಷ್ಟನ್ನೂ ಟೈಪ್ ಮಾಡಿದಳು. ಅದನ್ನು ಅಕಾರಾದಿಯಾಗಿ ಜೋಡಿಸಿ, ಪುಟಸಂಖ್ಯೆಗಳನ್ನು ಪೋಣಿಸಿಕೊಡುವ ಒಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಡುವುದು ನನ್ನ ಗುರುದಕ್ಷಿಣೆ.

ಬಸವನಗುಡಿಯ ನನ್ನ ಮನೆಯಲ್ಲಿರುವುದು ಲಿನಕ್ಸ್. ಸಿ ಭಾಷೆಯಲ್ಲಿ ಬರೆದೆ. ನಾಲ್ಕು ಪುಟದಷ್ಟು ಕೋಡ್. ಚೆನ್ನಾಗಿ ಓಡಿತು. ಪ್ರೆಸ್ಸಿನ ಗಣಕದಲ್ಲಿ ಇರುವುದು ಹಳೆಯ ವಿಂಡೋಸ್. ಅಲ್ಲಿಗೆ ಒಯ್ದಾಗ ಒಂದೇ ಒಂದು ತೊಂದರೆ ಬಂತು: ಕಡತದ ಹೆಸರು ಕನ್ನಡದಲ್ಲಿತ್ತು, ವಿಂಡೋಸಿನಲ್ಲಿ ನನ್ನ ಪ್ರೋಗ್ರಾಮಿಗೆ ಅದನ್ನು ತೆರೆಯಲು ಆಗಲಿಲ್ಲ. ಹೆಸರನ್ನು ವಿಂಡೋಸಿಗೆ ಬೇಕಾದ ರೂಪಕ್ಕೆ ತಿರುಗಿಸಿಕೊಳ್ಳಬೇಕು, ಅದಕ್ಕೆ ವಿಂಡೋಸಿನದೇ ಒಂದು ಫಂಕ್ಷನ್ ಬೇಕು, ಆ ಫಂಕ್ಷನ್ ಬೇಕಾದರೆ "ವಿಂಡೋಸ್ ಡಾಟ್ ಎಚ್" ಅನ್ನೋ ಹೆಡರ್ ಕಡತವನ್ನು ಒಳಗೆ ಕರೆದುಕೊಳ್ಳಬೇಕು. ಒಂದು ಸಾಲು ಸೇರಿಸಿದೆ. ಒಂದೂ ಎಚ್ಚರಿಕೆ ಇಲ್ಲದೆ ಕಂಪೈಲ್ ಆಯಿತು. ಕಡತ ತೆರೆಯಿತು. ಮೊದಲ ಪುಟ ನೋಡಿದೆ, ಸರಿ ಕಾಣಿಸಿತು. ಕಾಫಿ ಕುಡಿದು ಮನೆಗೆ ಬಂದೆ.

ಕರಡು ಮಲ್ಲೇಶ್ವರ ಮುಟ್ಟಿ ನಾಲ್ಕು ದಿನವಾದ ಮೇಲೆ ಮೇಷ್ಟ್ರ ಫೋನ್ ಬಂತು. ದನಿಯೇ ಸರಿಯಿರಲಿಲ್ಲ.

"ನನ್ನ ಕೈಲಿ ಆಗಲ್ಲ ಕಣಯ್ಯಾ ಇನ್ನು. ಅಗ್ರಹಾರ ಅನ್ನೋ ಪದ ಹನ್ನೆರಡನೇ ಪುಟದಲ್ಲಿ ಮೊದಲನೇ ಸಾಲಲ್ಲೇ ಇದೆ. ಅದನ್ನೇ ಬಿಟ್ಟಿದೀನಿ. ಎಂಬತ್ತೆಂಟನೇ ಪುಟವನ್ನೂ ಬಿಟ್ಟಿದೀನಿ. ನೋಡ್ತಾ ಹೋದ್ರೆ ಎಲ್ಲಾ ಪದಗಳಲ್ಲೂ ಬಿಟ್ಟಿದೀನಿ. ಕಣ್ಣಲ್ಲ ಕಣಯ್ಯಾ, ತಲೇನೇ ಹೋಗಿದೆ ಅನ್ಸತ್ತೆ."

ಮೂರು ರಾತ್ರಿ ಅವರು ಭೂತಗನ್ನಡಿ ಹಿಡಿದು ಇಡೀ ಪುಸ್ತಕವನ್ನು ಮತ್ತೆ ಓದಲು ಕೂತಿದ್ದರಂತೆ. ಅವರ ಮಗಳು ಆಮೇಲೆ ಹೇಳಿದರು, ಡಾಕ್ಟರ ಹತ್ತಿರ ಹೋಗೋಣ, ಮರೆವಿನ ಕಾಯಿಲೆ ಶುರುವಾಗಿರಬೇಕು ಅಂತ ತಾವೇ ಹೇಳಿದರಂತೆ. ಅತ್ತ ಪ್ರೆಸ್ಸಿನಲ್ಲಿ ಮಾಲೀಕರು ಡಿಟಿಪಿ ಹುಡುಗಿಗೆ ಬೈದು ಇಟ್ಟಿದ್ದರು: ಟೈಪ್ ಮಾಡುವಾಗ ನೀನೇ ಬಿಟ್ಟಿದ್ದೀಯ, ಮತ್ತೆ ಮೊದಲಿನಿಂದ ಮಾಡು, ಇದಕ್ಕೆ ದುಡ್ಡು ಇಲ್ಲ. ಮೇಷ್ಟ್ರು ತಮ್ಮನ್ನು ಬೈದುಕೊಂಡರು, ಮಾಲೀಕರು ಹುಡುಗಿಯನ್ನು ಬೈದರು. ನನ್ನ ಪ್ರೋಗ್ರಾಮನ್ನು ಯಾರೂ ಅನುಮಾನಿಸಲಿಲ್ಲ. ಕಂಪ್ಯೂಟರ್ ತಪ್ಪು ಮಾಡಲ್ಲ ನೋಡಿ!

ಕೊನೆಗೆ ಆ ಹುಡುಗಿಯೇ ನನ್ನನ್ನು ಕರೆದು ತಾನು ಟೈಪ್ ಮಾಡಿದ ಕಡತ ತೆರೆದು ತೋರಿಸಿದಳು. "ಸಾರ್, ಇಲ್ಲಿ ನೋಡಿ, ಅಗ್ರಹಾರ: 12, 47, 88, 130. ನಾನು ನಾಲ್ಕೂ ಹೊಡೆದಿದೀನಿ. ನಿಮ್ಮ ಪ್ರೋಗ್ರಾಮಲ್ಲಿ ಹಾಕಿದ್ರೆ 47, 130 ಮಾತ್ರ ಬರ್ತಿದೆ." ನನಗೆ ನೆಲ ಬಿರಿದು ನುಂಗಬಾರದೆ ಅನ್ನಿಸಿತು. ಮನೆಗೆ ಬಂದು ಅದೇ ಕಡತವನ್ನು ಲಿನಕ್ಸಿನಲ್ಲಿ ಹಾಕಿದೆ. ನಾಲ್ಕೂ ಬಂದವು.

ಆ ರಾತ್ರಿ ಕಂಡುಹಿಡಿದದ್ದು ಇದು.

ಮೇಷ್ಟ್ರು ಎಲ್ಲಾದರೂ ಪುಟಸಂಖ್ಯೆ ತಪ್ಪು ಬರೆದು, ಪುಸ್ತಕದ ಕೊನೆಯ ಪುಟಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಅಂತ ನಾನೊಂದು ಕಾವಲು ಇಟ್ಟಿದ್ದೆ. "ಮುಂದಿನ ಪುಟಸಂಖ್ಯೆ ಓದು, ಅದು ಮತ್ತು ಕೊನೆಯ ಪುಟ, ಎರಡರಲ್ಲಿ ಚಿಕ್ಕದನ್ನು ತೆಗೆದುಕೋ." ಚಿಕ್ಕದನ್ನು ಆರಿಸಲು "ಮಿನ್" ಅಂತ ನಾನೇ ಒಂದು ಫಂಕ್ಷನ್ ಬರೆದುಕೊಂಡಿದ್ದೆ. ವಿಂಡೋಸ್ ಡಾಟ್ ಎಚ್ ಒಳಗೂ "ಮಿನ್" ಇದೆ. ಆದರೆ ಅದು ಫಂಕ್ಷನ್ ಅಲ್ಲ, ಮ್ಯಾಕ್ರೋ.

ಮ್ಯಾಕ್ರೋ ಅಂದರೇನು? ಕಂಪೈಲರ್ ನಮ್ಮ ಕೋಡ್ ಓದುವುದಕ್ಕೆ ಮುಂಚೆ ಪ್ರೀಪ್ರೊಸೆಸರ್ ಅಂತ ಒಬ್ಬ ಬರುತ್ತಾನೆ. ಭಾಷೆ ಬಾರದ ಕರಡು ತಿದ್ದುವವನು ಅಂದುಕೊಳ್ಳಿ. ಅವನ ಕೈಯಲ್ಲಿ ಒಂದು ಪಟ್ಟಿ: ಈ ಪದ ಕಂಡರೆ ಹೊಡೆದು ಹಾಕಿ, ಅದರ ಜಾಗದಲ್ಲಿ ಇದನ್ನು ಬರೆ. ಸಂದರ್ಭ ಏನು, ಇದು ಯಾರ ಪದ, ಎಂಬ ಗೊಡವೆಯೇ ಅವನಿಗಿಲ್ಲ. ಪಟ್ಟಿಯಲ್ಲಿರುವ ಪದ ಇಡಿಯಾಗಿ ಕಂಡಿತೋ, ಅಲ್ಲಿಂದ ಮುಂದೆ ಕಡತ ಮುಗಿಯುವವರೆಗೂ ಬದಲಾಯಿಸುತ್ತಲೇ ಹೋಗುತ್ತಾನೆ. ಉಳಿದ ಹೆಸರುಗಳಿಗೆ ಒಂದು ಮನೆ, ಒಂದು ಅಂಗಳ ಅಂತ ಇರುತ್ತದೆ. ಮ್ಯಾಕ್ರೋಗೆ ಗೋಡೆ ಅಡ್ಡ ಬರುವುದಿಲ್ಲ.

ವಿಂಡೋಸಿನ ಮಿನ್ ಹೇಳುವುದು ಹೀಗೆ: "ಮೊದಲನೆಯದು ಎರಡನೆಯದಕ್ಕಿಂತ ಚಿಕ್ಕದಾದರೆ ಮೊದಲನೆಯದು, ಇಲ್ಲದಿದ್ದರೆ ಎರಡನೆಯದು." ಇದರಲ್ಲಿ "ಮೊದಲನೆಯದು" ಎರಡು ಸಲ ಬಂತಲ್ಲ? ಅಲ್ಲಿ ನಾನು ಕೊಟ್ಟದ್ದು ಒಂದು ಸಂಖ್ಯೆಯಲ್ಲ, "ಮುಂದಿನ ಪುಟಸಂಖ್ಯೆ ಓದು" ಅನ್ನುವ ಕೆಲಸ. ಪ್ರೀಪ್ರೊಸೆಸರ್ ಆ ಕೆಲಸವನ್ನೇ ಎರಡು ಕಡೆ ನಕಲು ಮಾಡಿ ಇಟ್ಟ. ಹೋಲಿಸುವಾಗ 12 ಓದಿತು. ತೆಗೆದುಕೊಳ್ಳುವಾಗ ಮತ್ತೆ ಓದಿತು, 47 ಬಂತು. 12 ಗಾಳಿಗೆ ಹೋಯಿತು. ಆಮೇಲೆ 88 ಹೋಗಿ 130 ಉಳಿಯಿತು. ಒಂದೇ ಪುಟ ಇರುವ ಪದಗಳು ಮಾತ್ರ ಸರಿಯಾಗಿ ಬಂದಿದ್ದವು, ಯಾಕೆಂದರೆ ಪಟ್ಟಿ ಮುಗಿದಿದ್ದರೆ ಕೊನೆಯ ಸಂಖ್ಯೆಯನ್ನೇ ಮತ್ತೆ ಕೊಡುವ ಹಾಗೆ ನಾನು ಬರೆದಿದ್ದೆ. ಪ್ರೆಸ್ಸಿನಲ್ಲಿ ನಾನು ನೋಡಿದ ಮೊದಲ ಪುಟದ ತುಂಬ ಅಂಥ ಪದಗಳೇ.

ಕಂಪೈಲರ್ ಯಾಕೆ ಕೂಗಲಿಲ್ಲ ಅಂತ ಕೇಳಬಹುದು. ನಾನು ಮೊದಲು ನನ್ನ ಹೆಡರ್ ಕರೆದು, ಅದರ ಕೆಳಗೆ ವಿಂಡೋಸ್ ಡಾಟ್ ಎಚ್ ಕರೆದಿದ್ದೆ. "ಮಿನ್ ಎಂಬ ಫಂಕ್ಷನ್ ಇದೆ" ಅನ್ನುವ ನನ್ನ ಘೋಷಣೆಯನ್ನು ಕಂಪೈಲರ್ ಸರಿಯಾಗಿಯೇ ಓದಿಕೊಂಡಿತು. ಆಮೇಲೆ ಬಂದ ಮ್ಯಾಕ್ರೋ, ಕೆಳಗಿದ್ದ ಬಳಕೆಗಳನ್ನಷ್ಟೇ ನುಂಗಿತು. ಕ್ರಮ ತಿರುಗಾಮುರುಗಾ ಆಗಿದ್ದಿದ್ದರೆ ನನ್ನ ಘೋಷಣೆಯೇ ಕಲಸಿಹೋಗಿ ಕಂಪೈಲರ್ ಬೊಬ್ಬೆ ಹೊಡೆಯುತ್ತಿತ್ತು, ನಾನು ಹತ್ತು ನಿಮಿಷದಲ್ಲಿ ಸರಿಮಾಡುತ್ತಿದ್ದೆ. ಪ್ರೆಸ್ಸಿನ ಹುಡುಗನ ಕಥೆಯೂ ಇಂಥದ್ದೇ. 5ನೇ ಕ್ರಾಸಿನಲ್ಲಿ ಯಾವ ಮೇಷ್ಟ್ರೂ ಸಿಗದಿದ್ದರೆ ಅವನು ಬೇಗ ವಾಪಸ್ ಬರುತ್ತಿದ್ದ. ಒಬ್ಬ ಮೇಷ್ಟ್ರು ಸಿಕ್ಕಿದ್ದೇ ಕಷ್ಟವಾಯಿತು.

ಇದು ವಿಂಡೋಸಿನ ಒಬ್ಬರದೇ ಗುಣ ಅಂದುಕೊಳ್ಳಬೇಡಿ. ಆದರೂ ಮೊದಲು ಅಲ್ಲಿಂದಲೇ ಶುರುಮಾಡೋಣ. ಮಿನ್ ಮತ್ತು ಮ್ಯಾಕ್ಸ್ ತುಂಬಾ ಹೆಸರುವಾಸಿ. "ನಿಯರ್", "ಫಾರ್" ಅನ್ನುವ ಎರಡು ಪದಗಳಿವೆ. 16 ಬಿಟ್ ಕಾಲದಲ್ಲಿ ಹತ್ತಿರದ ನೆನಪು, ದೂರದ ನೆನಪು ಅಂತ ಭೇದ ಇತ್ತು; ಕಾಲ ಹೋಯಿತು, ಮ್ಯಾಕ್ರೋ ಉಳಿಯಿತು, ಖಾಲಿಯಾಗಿ. ಮೂರು ಆಯಾಮದ ಚಿತ್ರ ಬರೆಯುವವರು ಹತ್ತಿರದ ಅಂಚಿಗೆ, ದೂರದ ಅಂಚಿಗೆ ಸಹಜವಾಗಿಯೇ ಈ ಹೆಸರು ಇಡುತ್ತಾರೆ. ವಿಂಡೋಸಿಗೆ ಒಯ್ದ ತಕ್ಷಣ ಹೆಸರೇ ಮಾಯ! "ಸ್ಮಾಲ್" ಅನ್ನುವ ಬಡಪಾಯಿ ಪದ ಅಲ್ಲಿನ ಒಂದು ಹೆಡರಿನಲ್ಲಿ "ಕ್ಯಾರ್" ಆಗಿದೆ. "ಇಂಟರ್‌ಫೇಸ್" ಅಂದರೆ "ಸ್ಟ್ರಕ್ಟ್". "ಎರರ್" ಅಂದರೆ ಸೊನ್ನೆ. ಗೂಗಲ್ಲಿನವರ ಲಾಗಿಂಗ್ ಲೈಬ್ರರಿ ಜಿಲಾಗ್ ಇದೇ "ಎರರ್" ಪದದಿಂದ ಎಷ್ಟು ಬೇಸತ್ತಿದೆ ಎಂದರೆ, ವಿಂಡೋಸಿನಲ್ಲಿ ಆ ಮ್ಯಾಕ್ರೋ ಮೊದಲೇ ಬಂದು ಕೂತಿದ್ದರೆ ಕಂಪೈಲನ್ನೇ ನಿಲ್ಲಿಸಿ ಏನು ಮಾಡಬೇಕು ಅಂತ ಹೇಳುವ ಸಂದೇಶ ಅದರಲ್ಲಿದೆ.

ಈಗ ನಮ್ಮ ಲಿನಕ್ಸ್ ಕಡೆ ಬನ್ನಿ. ಎಕ್ಸ್ ವಿಂಡೋ ಸಿಸ್ಟಮ್‌ನ ಹೆಡರುಗಳಲ್ಲಿ "ನನ್" ಅನ್ನುವುದು ಮ್ಯಾಕ್ರೋ, "ಸಕ್ಸೆಸ್" ಮ್ಯಾಕ್ರೋ. ಯಾವ ಪ್ರೋಗ್ರಾಮಿನಲ್ಲಿ ಈ ಪದಗಳು ಇರುವುದಿಲ್ಲ ಹೇಳಿ? ಇನ್ನೂ ತಮಾಷೆ: ಲಿನಕ್ಸಿನಲ್ಲಿ ಜಿಸಿಸಿ ಕಂಪೈಲರ್ ಸುಮ್ಮನೆ ಬಳಸಿದರೆ "ಲಿನಕ್ಸ್" ಅನ್ನುವ ಸಣ್ಣಕ್ಷರದ ಪದವೇ ಒಂದು ಮ್ಯಾಕ್ರೋ, ಅದರ ಬೆಲೆ 1. "ಯೂನಿಕ್ಸ್" ಕೂಡ 1. ಕಟ್ಟುನಿಟ್ಟಾದ ಸಿ ಪ್ರಮಾಣ ಬೇಕು ಅಂತ ಕೇಳಿದರಷ್ಟೇ ಅವು ಹೋಗುತ್ತವೆ. ಇನ್ನು "ಮೇಜರ್", "ಮೈನರ್" ಕಥೆ. ಲಿನಕ್ಸಿನಲ್ಲಿ ಉಪಕರಣಗಳ ಸಂಖ್ಯೆ ತಿಳಿಯಲು ಇರುವ ಮ್ಯಾಕ್ರೋಗಳು ಇವು. ತುಂಬಾ ಸಾಮಾನ್ಯವಾದ ಒಂದು ಹೆಡರಿನ ಮೂಲಕ ಎಲ್ಲರ ಮನೆಗೂ ನುಗ್ಗುತ್ತಿದ್ದವು. ತಂತ್ರಾಂಶದ ಆವೃತ್ತಿಗೆ ಮೇಜರ್, ಮೈನರ್ ಅಂತ ಹೆಸರಿಟ್ಟವರಿಗೆಲ್ಲ ಪೆಟ್ಟು. ಗ್ನು ಸಿ ಲೈಬ್ರರಿಯವರು 2017ರ 2.25ನೇ ಆವೃತ್ತಿಯಲ್ಲಿ "ಇದನ್ನು ತೆಗೆಯುತ್ತೇವೆ" ಅಂತ ಎಚ್ಚರಿಕೆ ಕೊಟ್ಟು, 2018ರ 2.28ರಲ್ಲಿ ತೆಗೆದರು. ತೆಗೆದಾಗ ಇನ್ನೊಂದು ಗುಂಪು ಬಿದ್ದಿತು: ಆ ಹಿಂಬಾಗಿಲನ್ನೇ ನಂಬಿಕೊಂಡಿದ್ದವರು.

ಹೆಸರು ಹಾಗೇ ಇದ್ದರೂ ಕಷ್ಟ, ಹಿಂದಕ್ಕೆ ತೆಗೆದುಕೊಂಡರೂ ಕಷ್ಟ. ಇದಕ್ಕೆ ಕನ್ನಡಕ್ಕೆ ಹತ್ತಿರದ ಉದಾಹರಣೆ ಐಸಿಯು. ಆಸ್ಪತ್ರೆಯದಲ್ಲ :-) ಯೂನಿಕೋಡಿನ ಕೆಲಸಗಳನ್ನು ಮಾಡಿಕೊಡುವ ಲೈಬ್ರರಿ. ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು, ಕನ್ನಡದಲ್ಲಿ ತಾರೀಖು ಬರೆಯುವುದು, ಇಂಥವೆಲ್ಲ ಅದರ ಕೆಲಸ. ನಿಮ್ಮ ಆಂಡ್ರಾಯ್ಡ್ ಫೋನಿನೊಳಗೂ ಅದು ಇದೆ. ಅದರ ಸಾರ್ವಜನಿಕ ಹೆಡರುಗಳಲ್ಲಿ "ಟ್ರೂ", "ಫಾಲ್ಸ್" ಅಂತ ದೊಡ್ಡಕ್ಷರದ ಎರಡು ಮ್ಯಾಕ್ರೋಗಳಿದ್ದವು. ಬೇರೆಯವರ ಕೋಡಿನ ಅದೇ ಹೆಸರುಗಳಿಗೆ ಅವು ಅಡ್ಡ ಬರುತ್ತಿದ್ದವು. 2020ರ ಅಕ್ಟೋಬರಿನಲ್ಲಿ ಬಂದ 68ನೇ ಆವೃತ್ತಿಯಲ್ಲಿ ಅವನ್ನು ಕೈಬಿಟ್ಟರು. ಕೂಡಲೇ ಆ ಎರಡು ಪದ ಎಲ್ಲಿಂದ ಬರುತ್ತಿವೆ ಅಂತಲೇ ಯೋಚಿಸದೆ ಬಳಸಿಕೊಂಡಿದ್ದ ಹಲವು ಪ್ರೋಗ್ರಾಮುಗಳು ಕಂಪೈಲ್ ಆಗದೆ ನಿಂತವು.

ಹಾಗಾದರೆ ತಪ್ಪು ಯಾರದು? ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಬೇರೆಯವರ ಮನೆಗೆ ಹೋಗುವ ಹೆಡರ್ ಯಾರದೋ, ಜವಾಬ್ದಾರಿ ಅವರದು. ಮಿನ್, ಸ್ಮಾಲ್, ಎರರ್, ನನ್, ಇವೆಲ್ಲ ಊರಬಾವಿಯ ನೀರಿನ ಹಾಗೆ ಎಲ್ಲರ ಪದಗಳು. ಅಂಥ ಪದವನ್ನು ಮ್ಯಾಕ್ರೋ ಮಾಡಿ ಊರಿಗೆ ಬಿಡುವುದು, ಬಾವಿಗೆ ತನ್ನ ಮನೆಯ ಬೀಗ ಹಾಕಿದ ಹಾಗೆ. ದೊಡ್ಡವರಾದಷ್ಟೂ ಈ ಜವಾಬ್ದಾರಿ ಹೆಚ್ಚು, ಏಕೆಂದರೆ ಅವರನ್ನು ಮನೆಗೆ ಕರೆಯದೆ ಇರಲು ನಮಗೆ ಆಗುವುದಿಲ್ಲ. ಆದರೆ ದಶಕಗಳ ಕೋಡ್ ಆ ಹೆಸರುಗಳ ಮೇಲೆ ನಿಂತಿದೆ. ಅವರು ಈಗ ಬದಲಾಯಿಸಲಾರರು. ನನ್ನಂಥ ಸಣ್ಣವನು ಬೈದುಕೊಂಡು ಕೂತರೆ ಮೇಷ್ಟ್ರ ಪುಟಸಂಖ್ಯೆ ವಾಪಸ್ ಬರುವುದಿಲ್ಲ. ನನ್ನ ಹೆಸರುಗಳನ್ನು ನಾನು ಸರಿ ಇಟ್ಟುಕೊಳ್ಳಬಹುದು, ಅಷ್ಟೇ.

ಹೇಗೆ ಅನ್ನುವುದಕ್ಕೆ ಉತ್ತರ ನಮ್ಮ ಬಡಾವಣೆಗಳಲ್ಲೇ ಇದೆ. ಚಾಮರಾಜಪೇಟೆ 1892ರದು. 1898ರ ಪ್ಲೇಗಿನ ಸುಮಾರಿಗೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಆಮೇಲೆ ಊರು ಹಬ್ಬಿತು, ಹೊಸ ಬಡಾವಣೆಗಳಲ್ಲೂ 1ನೇ ಕ್ರಾಸ್, 2ನೇ ಕ್ರಾಸ್ ಅಂತಲೇ ಎಣಿಸುತ್ತಾ ಹೋದರು. ಚಾಮರಾಜಪೇಟೆಯಲ್ಲಿ 5ನೇ ಕ್ರಾಸ್, ಮಲ್ಲೇಶ್ವರದಲ್ಲಿ 5ನೇ ಕ್ರಾಸ್, ಹನುಮಂತನಗರದಲ್ಲೂ 5ನೇ ಕ್ರಾಸ್. ಇದರಿಂದ ಊರೇನೂ ಮುಳುಗಲಿಲ್ಲ, ಯಾಕೆಂದರೆ ಕಾಗದದ ಮೇಲೆ "ಬೆಂಗಳೂರು-18" ಅಂದರೆ ಚಾಮರಾಜಪೇಟೆ, "ಬೆಂಗಳೂರು-3" ಅಂದರೆ ಮಲ್ಲೇಶ್ವರ, "ಬೆಂಗಳೂರು-4" ಅಂದರೆ ಬಸವನಗುಡಿ. 1972ರ ಆಗಸ್ಟ್ 15ಕ್ಕೆ ಪಿನ್ ಕೋಡ್ ಬಂದಾಗ ಇವೇ 560018, 560003, 560004 ಆದವು. ದೇಶದಲ್ಲಿ ಒಂದೇ ಹೆಸರಿನ ಊರುಗಳು ಅನೇಕ ಇದ್ದದ್ದೂ ಪಿನ್ ಕೋಡ್ ಬರಲು ಒಂದು ಕಾರಣ.

ಮನುಷ್ಯರಿಗೂ ನಾವು ಇದನ್ನೇ ಮಾಡಿದ್ದೇವೆ. ನಮ್ಮ ಕ್ಲಾಸಿನಲ್ಲಿ ಮೂವರು ಮಂಜುನಾಥರಿದ್ದರು. ಹಾಜರಿ ಪುಸ್ತಕದಲ್ಲಿ ಮೂವರಿಗೂ ಬೇರೆ ಬೇರೆ ಇನಿಷಿಯಲ್. ಗಾಂಧಿಬಜಾರಿನ ಪಕ್ಕದ ಡಿ.ವಿ.ಜಿ. ರಸ್ತೆಯನ್ನೇ ನೋಡಿ. ದೇವನಹಳ್ಳಿ, ವೆಂಕಟರಮಣಯ್ಯ, ಗುಂಡಪ್ಪ: ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಮ್ಮ ಹೆಸರು. ಊರಿನಲ್ಲಿ ಗುಂಡಪ್ಪಂದಿರು ಎಷ್ಟು ಜನ ಇದ್ದರೂ ಡಿವಿಜಿ ಒಬ್ಬರೇ.

ಒಳ್ಳೆಯ ಲೈಬ್ರರಿಗಳು ಮಾಡುವುದೂ ಹೀಗೇ. "ಕನ್ನಡ ಲಿಪಿ" ಅನ್ನುವ ಒಂದೇ ವಸ್ತುವಿಗೆ ಯಾರು ಯಾರು ಏನು ಹೆಸರಿಟ್ಟಿದ್ದಾರೆ ನೋಡಿ. ಅಕ್ಷರಗಳನ್ನು ಒತ್ತಕ್ಷರ ಸಮೇತ ಜೋಡಿಸುವ ಹಾರ್ಫ್‌ಬಜ್‌ನಲ್ಲಿ "ಎಚ್‌ಬಿ_ಸ್ಕ್ರಿಪ್ಟ್_ಕನ್ನಡ". ಐಸಿಯುನಲ್ಲಿ "ಯುಸ್ಕ್ರಿಪ್ಟ್_ಕನ್ನಡ". ಜಿಲಿಬ್‌ನಲ್ಲಿ "ಜಿ_ಯೂನಿಕೋಡ್_ಸ್ಕ್ರಿಪ್ಟ್_ಕನ್ನಡ". ಪ್ಯಾಂಗೊದಲ್ಲಿ "ಪ್ಯಾಂಗೊ_ಸ್ಕ್ರಿಪ್ಟ್_ಕನ್ನಡ". ಇವು ಮ್ಯಾಕ್ರೋಗಳಲ್ಲ, ಎನಮ್ ಹೆಸರುಗಳು. ಆದರೂ ಮನೆತನದ ಹೆಸರು ಬಿಟ್ಟಿಲ್ಲ. ನಾಲ್ವರೂ ಬರೀ "ಕನ್ನಡ" ಅಂತ ಇಟ್ಟಿದ್ದರೆ ಒಂದೇ ಕಡತದಲ್ಲಿ ನಾಲ್ವರನ್ನೂ ಕೂರಿಸಲು ಆಗುತ್ತಿರಲಿಲ್ಲ. ಲಿಬ್ರೆಆಫೀಸಿನಂಥ ತಂತ್ರಾಂಶ ಐಸಿಯು, ಹಾರ್ಫ್‌ಬಜ್ ಎರಡನ್ನೂ ಬಳಸುತ್ತದೆ, ಅದೂ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರ ಮೇಲೂ. ಅದರಲ್ಲಿ ನೀವು ಇವತ್ತು ಕನ್ನಡ ಟೈಪ್ ಮಾಡುತ್ತಿದ್ದೀರಿ ಅಂದರೆ, ಅದರ ಹಿಂದೆ ಯಾರೋ ಬೇಸರಿಸಿಕೊಳ್ಳದೆ ಉದ್ದುದ್ದ ಹೆಸರು ಬರೆದಿದ್ದಾರೆ.

ಕನ್ನಡಕ್ಕೆ ತಂತ್ರಾಂಶ ಬರೆಯುವವರಿಗೆ ಒಂದು ವಿಶೇಷ ಹಳ್ಳ ಇದೆ, ನಾನೇ ಬಿದ್ದದ್ದು. ಸ್ವರಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಮ್ಯಾಕ್ರೋ ಮಾಡೋಣ ಅಂತ ಅ, ಆ ಆದಮೇಲೆ ಇ ಅಕ್ಷರಕ್ಕೆ ದೊಡ್ಡ "ಐ" ಇಟ್ಟರೆ, ಸಿ ಭಾಷೆಯ ಸಂಕೀರ್ಣ ಸಂಖ್ಯೆಗಳ ಹೆಡರಿನಲ್ಲಿ ಅದೇ ಮ್ಯಾಕ್ರೋ ಇದೆ, ಋಣ ಒಂದರ ವರ್ಗಮೂಲ ಅಂತ. ಏ ಅಕ್ಷರಕ್ಕೆ ಎರಡು ದೊಡ್ಡ "ಇ" ಇಟ್ಟರೆ? ದೊಡ್ಡ "ಇ" ಮತ್ತು ಅದರ ಮುಂದೆ ಇನ್ನೊಂದು ದೊಡ್ಡಕ್ಷರದಿಂದ ಶುರುವಾಗುವ ಮ್ಯಾಕ್ರೋ ಹೆಸರುಗಳನ್ನೆಲ್ಲ ಸಿ ಪ್ರಮಾಣ ದೋಷಸಂಖ್ಯೆಗಳ ಹೆಡರಿಗೆ ಕಾದಿರಿಸಿದೆ. ಹಾಗಾಗಿ ವ್ಯಾಕರಣದ ಪ್ರೋಗ್ರಾಮಿನಲ್ಲಿ "ಏಕವಚನ" ಅಂತ ದೊಡ್ಡಕ್ಷರದಲ್ಲಿ ಬರೆದರೂ ಆ ಜಾಗ ನಿಮ್ಮದಲ್ಲ. ಬಹುವಚನಕ್ಕೆ ತೊಂದರೆಯಿಲ್ಲ :-) ಅಡಿಗೆರೆಯ ನಂತರ ದೊಡ್ಡಕ್ಷರ, ಅಥವಾ ಎರಡು ಅಡಿಗೆರೆಯಿಂದ ಶುರುವಾಗುವ ಹೆಸರುಗಳಂತೂ ಕಂಪೈಲರ್ ಮನೆಯವರ ಸ್ವಂತ ಆಸ್ತಿ. ನಾವು ಮುಟ್ಟಬಾರದು.

ಈಗ ನಾನು ಪಾಲಿಸುವ ನಿಯಮಗಳು. ನಾಲ್ಕೇ ನಾಲ್ಕು.

1. ಮ್ಯಾಕ್ರೋ ಬೇಕೇ ಬೇಕಾ ಅಂತ ಮೊದಲು ಕೇಳಿಕೊಳ್ಳುತ್ತೇನೆ. ಸಂಖ್ಯೆಗಳಿಗೆ ಎನಮ್ ಸಾಕು, ಲೆಕ್ಕಗಳಿಗೆ ಇನ್‌ಲೈನ್ ಫಂಕ್ಷನ್ ಸಾಕು. ಕೆಲಸವನ್ನು ಎರಡೆರಡು ಸಲ ಮಾಡುವ ಕಾಟ ಅವಕ್ಕಿಲ್ಲ.

2. ಬೇಕೇ ಬೇಕಾದರೆ, ಹೆಡರಿನಲ್ಲಿ ಹೊರಗೆ ಹೋಗುವ ಪ್ರತಿ ಹೆಸರಿಗೂ ಇನಿಷಿಯಲ್. ನನ್ನ ಪದಸೂಚಿ ಪ್ರೋಗ್ರಾಮಿನಲ್ಲಿ ಈಗ ಎಲ್ಲವೂ "ಪಸೂ_" ಎಂದು ಶುರುವಾಗುತ್ತವೆ. ಮಿನ್ ಈಗ "ಪಸೂ_ಮಿನ್". ಎನಮ್ ಹೆಸರು, ಫಂಕ್ಷನ್ ಹೆಸರುಗಳಿಗೂ ಇದೇ ನಿಯಮ, ಏಕೆಂದರೆ ಬೇರೆಯವರ ಮ್ಯಾಕ್ರೋ ಅವನ್ನೂ ನುಂಗಬಲ್ಲದು.

3. ವಿಂಡೋಸ್ ಡಾಟ್ ಎಚ್ ಆಗಲಿ, ಎಕ್ಸ್ ಹೆಡರುಗಳಾಗಲಿ, ಜಗಲಿ ದಾಟಿ ಒಳಗೆ ಬರಬಾರದು. ಅವನ್ನು ಕರೆಯುವ ಒಂದೇ ಒಂದು ಕಡತ ಇಟ್ಟು, ಕನ್ನಡ ಹೆಸರಿನ ಕಡತ ತೆರೆಯುವಂಥ ಕೆಲಸಗಳನ್ನೆಲ್ಲ ಅಲ್ಲೇ ಮುಗಿಸುವುದು. ಒಳಮನೆಗೆ ನನ್ನದೇ ಹೆಸರಿನ ಫಂಕ್ಷನ್ ಮಾತ್ರ ಕಾಣಬೇಕು. ಜೊತೆಗೆ ಕಂಪೈಲ್ ಮಾಡುವಾಗಲೇ "ನೋಮಿನ್‌ಮ್ಯಾಕ್ಸ್" ಅಂತ ಹೇಳಿಬಿಟ್ಟರೆ ವಿಂಡೋಸ್ ಆ ಎರಡು ಮ್ಯಾಕ್ರೋಗಳನ್ನು ಹೊರಗೇ ಬಿಟ್ಟು ಬರುತ್ತದೆ. ಬೇರೆಯವರ ಕೋಡ್ ತಿದ್ದಲಾಗದ ಕಡೆ, ಮಿನ್ ಪದವನ್ನೇ ಆವರಣದೊಳಗೆ ಹಾಕಿ ಕರೆದರೆ ಅಂಥ ಮ್ಯಾಕ್ರೋ ಮುಟ್ಟುವುದಿಲ್ಲ.

4. ಒಂದು ಕಡೆ ಬಂದ ಫಲಿತಾಂಶವನ್ನು ಇನ್ನೊಂದು ಕಡೆಯದರ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡುವುದು. ಕಂಪೈಲ್ ಆಯಿತು ಅನ್ನುವುದಕ್ಕೆ ನಾನೀಗ ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಲಿನಕ್ಸಿನ ಪಟ್ಟಿ, ವಿಂಡೋಸಿನ ಪಟ್ಟಿ ಅಕ್ಕಪಕ್ಕ ಇಟ್ಟಿದ್ದರೆ ಎರಡನೇ ಸಾಲಿನಲ್ಲೇ ಸಿಕ್ಕಿಬೀಳುತ್ತಿದ್ದೆ.

ಗೆಳೆಯನೊಬ್ಬ ವಾದ ಮಾಡಿದ: "ಎಲ್ಲಕ್ಕೂ ಬಾಲ ಕಟ್ಟಿದ್ರೆ ಕೋಡ್ ಓದೋಕಾಗತ್ತಾ? ಮನೆ ಮಗನ್ನ ಯಾರಾದ್ರೂ ಇನಿಷಿಯಲ್ ಹಾಕಿ ಕರೀತಾರಾ?" ಅವನ ಮಾತೂ ನಿಜ. ಮನೆಯೊಳಗೆ ಪುಟ್ಟ ಅಂತಲೇ ಕರೆಯೋಣ. ಒಂದು ಕಡತದೊಳಗೇ ಉಳಿಯುವ ಹೆಸರು, ಒಂದು ಫಂಕ್ಷನ್ ಒಳಗಿನ ಹೆಸರು, ಇವು ಪುಟ್ಟದಾಗಿಯೇ ಇರಲಿ. ಆದರೆ ರೇಷನ್ ಕಾರ್ಡಿನಲ್ಲಿ ಪುಟ್ಟ ಅಂತ ಬರೆಸುವುದಿಲ್ಲವಲ್ಲ? ಹೆಡರ್ ಅಂದರೆ ರೇಷನ್ ಕಾರ್ಡ್. "ನನ್ನ ಪ್ರೋಗ್ರಾಮ್ ಇಲ್ಲಿಂದ ಎಲ್ಲೂ ಹೋಗಲ್ಲ" ಅನ್ನುವ ಮಾತನ್ನಂತೂ ನಂಬಬೇಡಿ. ನನ್ನದು ಬಸವನಗುಡಿಯಿಂದ ಚಾಮರಾಜಪೇಟೆಗೆ ಹೋಗಿದ್ದಷ್ಟೇ, ನಡೆದೇ ಹೋಗಬಹುದಾದ ದೂರ.

ಇಷ್ಟು ಬರೆದ ಮೇಲೆ ನನ್ನ ಪಾಪವನ್ನೂ ಒಪ್ಪಿಕೊಳ್ಳಬೇಕು. ವಿಂಡೋಸಿಗೆ ಶಾಪ ಹಾಕುತ್ತಾ ನನ್ನ ಹಳೆಯ ಕೋಡನ್ನೆಲ್ಲ ಜಾಲಾಡುವಾಗ, ಕೆಲವು ವರ್ಷಗಳ ಹಿಂದೆ ಎಲ್ಲರೂ ಬಳಸಲಿ ಅಂತ ಅಂತರ್ಜಾಲಕ್ಕೆ ಬಿಟ್ಟ ಒಂದು ಹೆಡರ್ ಸಿಕ್ಕಿತು. ಕನ್ನಡ ಅಕ್ಷರಗಳನ್ನು ವಿಂಗಡಿಸುವಂಥದ್ದು. ಅದರಲ್ಲಿ ದೊಡ್ಡಕ್ಷರದಲ್ಲಿ "ಸ್ವರ", "ವ್ಯಂಜನ", "ಒತ್ತು", ಸಾಲದ್ದಕ್ಕೆ "ಡೀಬಗ್" ಮತ್ತು "ಲಾಸ್ಟ್". ಎಲ್ಲ ಮ್ಯಾಕ್ರೋಗಳು, ಒಂದಕ್ಕೂ ಇನಿಷಿಯಲ್ ಇಲ್ಲ! ಯಾರಾದರೂ ಅದನ್ನು ಬಳಸಿ, ಅವರ ಪ್ರೋಗ್ರಾಮಿನಲ್ಲಿ ಯಾವುದೋ ಸಂಖ್ಯೆ ಸದ್ದಿಲ್ಲದೆ ಬದಲಾಗಿ, ಅವರು ತಮ್ಮನ್ನೇ ಬೈದುಕೊಂಡಿರಬಹುದೇ? ಆ ಹೆಡರನ್ನು ಸರಿಮಾಡಿ, ಹಳೆಯ ಹೆಸರುಗಳನ್ನು ಯಾಕೆ ತೆಗೆದೆ ಅಂತ ಮೇಲೊಂದು ಟಿಪ್ಪಣಿ ಬರೆದು ಮತ್ತೆ ಹಾಕಿದ್ದೇನೆ.

ಮಲ್ಲೇಶ್ವರಕ್ಕೆ ಹೋಗಿ ಮೇಷ್ಟ್ರಿಗೆ ಎಲ್ಲ ಬಿಡಿಸಿ ಹೇಳಿದೆ. ಡಿಟಿಪಿ ಹುಡುಗಿಯನ್ನೂ ಮಾಲೀಕರನ್ನೂ ಕರೆದುಕೊಂಡೇ ಹೋಗಿದ್ದೆ. ಮಾಲೀಕರು ಅವಳ ಎದುರಿಗೇ "ತಪ್ಪಾಯ್ತಮ್ಮ" ಅಂದರು. ಎರಡನೇ ಸಲ ಟೈಪ್ ಮಾಡಲು ಶುರುಮಾಡಿದ್ದರ ಕೂಲಿ ನಾನು ಕೊಟ್ಟೆ. ಮೇಷ್ಟ್ರು ಹೊಸ ಪಟ್ಟಿಯಲ್ಲಿ ಮೊದಲು ಅಗ್ರಹಾರ ಹುಡುಕಿದರು. 12ರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

"ಹಾಗಾದ್ರೆ ನಾನು ಬಿಟ್ಟಿರಲಿಲ್ಲ?"

"ಇಲ್ಲ ಸಾರ್. ಒಂದೂ ಬಿಟ್ಟಿರಲಿಲ್ಲ."

ಒಳಗೆ ತಿರುಗಿ ಮಗಳನ್ನು ಕೂಗಿದರು, "ನಾಲ್ಕು ಜನಕ್ಕೆ ಕಾಫಿ ಮಾಡಮ್ಮಾ, ಡಾಕ್ಟರ ಹತ್ರ ಹೋಗೋದು ಬೇಡ."

ಪುಸ್ತಕ ಈ ಯುಗಾದಿಗೆ ಹೊರಗೆ ಬಂತು. ನಿಮ್ಮಲ್ಲಿ ಯಾರ ಕೋಡಾದರೂ ಹೀಗೆ ಊರು ದಾಟುವಾಗ ಹೆಸರು ಕಳೆದುಕೊಂಡಿದ್ದರೆ ಬರೆಯಿರಿ, ಯಾವ ಪದ, ಯಾವ ಹೆಡರ್ ಅಂತ. ಒಂದು ಪಟ್ಟಿ ಮಾಡಿಡೋಣ.

ಕೊನೆಗುಟುಕು: ಪ್ರೆಸ್ಸಿನ ಹುಡುಗ ಈಗ ಯಾವ ಕಟ್ಟು ಕೊಟ್ಟರೂ ಹೊಸಿಲು ದಾಟುವ ಮೊದಲು ನಿಂತು ಕೇಳುತ್ತಾನೆ, "ಯಾವ ಐದನೇ ಕ್ರಾಸು, ಸಾರ್?" ಮೊನ್ನೆ ವಿಳಾಸದಲ್ಲಿ ಕ್ರಾಸೇ ಇರಲಿಲ್ಲ, ಆದರೂ ಕೇಳಿದನಂತೆ :-)